ಗ್ರೆಪ್ ಎಂಬ ಶಬ್ದಶೋಧಕವೂ ಅನುಪಲಬ್ಧಿಯ ವಿಚಾರವೂ

ಗ್ರಂಥವೊಂದರಲ್ಲಿ ಇಂಥ ಶಬ್ದವು ಉಂಟೆ ಇಲ್ಲವೆ, ಉಂಟಾದರೆ ಎಷ್ಟೆಡೆಗಳಲ್ಲಿ ಯಾವ ಯಾವ ರೂಪದಲ್ಲಿ ಉಂಟು ಎಂಬ ಪ್ರಶ್ನೆಯು ಶಬ್ದಶಾಸ್ತ್ರಕ್ಕೂ ಗ್ರಂಥಸಂಪಾದನಕ್ಕೂ ಮೂಲಭೂತವಾದುದು. ಕವಿಯ ಕಾಲನಿರ್ಣಯ, ಕರ್ತೃನಿರ್ಣಯ, ಪ್ರಕ್ಷಿಪ್ತಭಾಗಗಳ ವಿವೇಚನೆ, ನಿಘಂಟುರಚನೆ ಇವೆಲ್ಲವೂ ಕಡೆಗೆ ಈ ಪ್ರಶ್ನೆಗೆ ದೊರೆಯುವ ಉತ್ತರವನ್ನೇ ಅವಲಂಬಿಸಿರುವುವು. ಹಿಂದೆ ಪದಗಳನ್ನು ಚೀಟಿಗಳ ಮೇಲೆ ಬರೆದು, ಅಕಾರಾದಿಯಾಗಿ ಜೋಡಿಸಿ, ಬಹುಕಾಲ ಶ್ರಮಿಸಿ ಪಡೆಯುತ್ತಿದ್ದ ಉತ್ತರವನ್ನು ಇಂದು ಕಂಪ್ಯೂಟರಿನಲ್ಲಿ ಒಂದು ಸಾಲಿನ ಆಜ್ಞೆಯಿಂದ ಕ್ಷಣಮಾತ್ರದಲ್ಲಿ ಪಡೆಯಬಹುದಾಗಿದೆ. ಆ ಆಜ್ಞೆಯ ಹೆಸರು ಗ್ರೆಪ್. ಆದರೆ ಉತ್ತರವು ಶೀಘ್ರವಾಗಿ ಬಂದಿತೆಂಬ ಮಾತ್ರದಿಂದ ಅದು ಪ್ರಮಾಣವಾಗಲಾರದು. ‘ಉಂಟು’ ಎಂದು ಅದು ತೋರಿಸಿದುದನ್ನು ಕಣ್ಣಾರೆ ನೋಡಿ ಒಪ್ಪಬಹುದು. ‘ಇಲ್ಲ’ ಎಂಬಂತೆ ಅದು ಸುಮ್ಮನಾದಾಗ ಆ ಮೌನವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದೇ ವಿಚಾರಣೀಯವಾದುದು. ಈ ಸಾಧನದ ಸ್ವರೂಪವನ್ನೂ, ಕನ್ನಡ ಗ್ರಂಥಗಳಲ್ಲಿ ಅದನ್ನು ಪ್ರಯೋಗಿಸುವ ಕ್ರಮವನ್ನೂ, ಅದರ ಮೌನದ ಬೆಲೆಯನ್ನೂ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

1. ಉತ್ಪತ್ತಿ ಮತ್ತು ಹೆಸರು

ಈ ಸಾಧನವನ್ನು ರಚಿಸಿದವರು ಅಮೆರಿಕಾ ದೇಶದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಕೆನ್ ಥಾಂಪ್ಸನ್. ಯುನಿಕ್ಸ್ ಎಂಬ ಗಣಕವ್ಯವಸ್ಥೆಯ ನಾಲ್ಕನೆಯ ಆವೃತ್ತಿಯೊಡನೆ ಇದು 1973ರಲ್ಲಿ ಬಳಕೆಗೆ ಬಂದಿತು. ಇದರ ಹೆಸರಿನ ವ್ಯುತ್ಪತ್ತಿಯು ಸ್ವಾರಸ್ಯವಾದುದು. ಆ ಕಾಲದಲ್ಲಿ ಕಡತಗಳನ್ನು ತಿದ್ದುವುದಕ್ಕೆ ‘ಎಡ್’ ಎಂಬ ಸಾಧನವಿದ್ದಿತು. ಅದರಲ್ಲಿ ಕಡತದ ಎಲ್ಲ ಸಾಲುಗಳಲ್ಲಿಯೂ ಒಂದು ಮಾದರಿಯನ್ನು ಹುಡುಕಿ, ದೊರೆತ ಸಾಲುಗಳನ್ನು ಮುದ್ರಿಸೆಂದು ಹೇಳುವ ಆಜ್ಞೆಯು ಮೂರು ಅಂಗಗಳಿಂದ ಕೂಡಿದುದಾಗಿತ್ತು. ‘ಎಲ್ಲೆಡೆ’ ಎಂಬರ್ಥದ ಗ್ಲೋಬಲ್ ಶಬ್ದದ ಮೊದಲಕ್ಷರ ಒಂದು, ‘ನಿಯತವಾದ ಮಾದರಿ’ ಎಂಬರ್ಥದ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬೆರಡು ಶಬ್ದಗಳ ಮೊದಲಕ್ಷರಗಳು ಎರಡು, ‘ಮುದ್ರಿಸು’ ಎಂಬರ್ಥದ ಪ್ರಿಂಟ್ ಶಬ್ದದ ಮೊದಲಕ್ಷರ ಒಂದು. ಈ ನಾಲ್ಕು ಅಕ್ಷರಗಳು ಕೂಡಿ ಗ್ರೆಪ್ ಎಂಬ ಹೆಸರಾಯಿತು. ಹೆಸರೇ ಕಾರ್ಯವನ್ನು ಹೇಳುವುದರಿಂದ ಇದನ್ನು ಅನ್ವರ್ಥಸಂಜ್ಞೆಯೆಂದು ಎಣಿಸಬಹುದು.

ಇದರ ಹುಟ್ಟಿಗೆ ಕಾರಣವಾದುದು ಒಂದು ಕರ್ತೃನಿರ್ಣಯದ ಪ್ರಶ್ನೆಯೆಂಬುದು ಗ್ರಂಥಶೋಧಕರಿಗೆ ವಿಶೇಷವಾಗಿ ಹಿಡಿಸತಕ್ಕ ಸಂಗತಿ. ಅದೇ ಪ್ರಯೋಗಶಾಲೆಯಲ್ಲಿದ್ದ ಬ್ರಯನ್ ಕರ್ನಿಘನ್ ಹೇಳಿರುವಂತೆ, ಲೀ ಮೆಕ್‌ಮಾನ್ ಎಂಬ ಸಹೋದ್ಯೋಗಿಯು ‘ಫೆಡರಲಿಸ್ಟ್’ ಲೇಖನಗಳ ಕರ್ತೃಗಳಾರೆಂಬುದನ್ನು ಶೋಧಿಸುತ್ತಿದ್ದರು. ಅಮೆರಿಕಾದ ಸಂವಿಧಾನವನ್ನು ಸಮರ್ಥಿಸಿ 1787-88ರಲ್ಲಿ ಒಂದೇ ಕಾವ್ಯನಾಮದಿಂದ ಹೊರಟ ಈ 85 ಲೇಖನಗಳನ್ನು ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು. ಇವುಗಳಲ್ಲಿ 12 ಲೇಖನಗಳು ಹ್ಯಾಮಿಲ್ಟನ್ನನವೋ ಮ್ಯಾಡಿಸನ್ನನವೋ ಎಂಬ ವಿವಾದವು ಬಹುಕಾಲ ನಡೆಯಿತು. ಈ ಲೇಖನಗಳ ಕಡತವು ‘ಎಡ್’ ಸಾಧನದ ಸ್ಮೃತಿಯಲ್ಲಿ ಹಿಡಿಸುವಂತಿರಲಿಲ್ಲ. ಆದಕಾರಣ ಕಡತವನ್ನೆಲ್ಲ ಒಮ್ಮೆಗೇ ಸ್ಮೃತಿಗೆ ತಾರದೆ, ಒಂದೊಂದೇ ಸಾಲನ್ನು ಓದಿ ಪರೀಕ್ಷಿಸಿ ಮುಂದೆ ಸಾಗುವ ಬೇರೆಯ ಸಾಧನವನ್ನು ಥಾಂಪ್ಸನ್ ರಚಿಸಿದರು.

ಇಂಥ ವಿವಾದದಲ್ಲಿ ಶಬ್ದದ ಇರವಿನಷ್ಟೇ ಅದರ ಇಲ್ಲದಿರವೂ ಮುಖ್ಯವೆಂಬುದಕ್ಕೆ ಈ ಲೇಖನಗಳೇ ನಿದರ್ಶನ. ಮಾಸ್ಟೆಲರ್ ಮತ್ತು ವಾಲೇಸ್ ಎಂಬ ಇಬ್ಬರು ಗಣಿತಜ್ಞರು 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ‘ಅಪಾನ್’ ಎಂಬ ಅವ್ಯಯವನ್ನು ಹ್ಯಾಮಿಲ್ಟನ್ ಧಾರಾಳವಾಗಿ ಬಳಸುವನೆಂದೂ ಮ್ಯಾಡಿಸನ್ ಅಪೂರ್ವವಾಗಿ ಮಾತ್ರ ಬಳಸುವನೆಂದೂ, ಒಬ್ಬನು ‘ವೈಲ್’ ಎಂಬಲ್ಲಿ ಇನ್ನೊಬ್ಬನು ‘ವೈಲ್ಸ್ಟ್’ ಎನ್ನುವನೆಂದೂ ಗಮನಿಸಿ, ಇಂಥ ಶಬ್ದಗಳ ಗಣನೆಯಿಂದ ವಿವಾದಗ್ರಸ್ತ ಲೇಖನಗಳು ಮ್ಯಾಡಿಸನ್ನನವೆಂಬ ಪಕ್ಷವನ್ನು ಬಲಪಡಿಸಿದರು. ಅಲ್ಪವಾದ ಒಂದು ಅವ್ಯಯವು ಕಾಣದಿರುವುದೇ ಕರ್ತೃವನ್ನು ತೋರಿಸುವ ಕೈಮರವಾಗಬಲ್ಲುದು. ಹೀಗಿರಲಾಗಿ ‘ಕಾಣಲಿಲ್ಲ’ ಎಂಬ ಮಾತನ್ನು ಆಡುವುದಕ್ಕೆ ಮುಂಚೆ ಬಹಳ ಎಚ್ಚರ ಬೇಕು.

2. ಪ್ರಯೋಗಕ್ರಮ

ಆಜ್ಞೆಯಲ್ಲಿ ಮೂರು ಅಂಗಗಳು ಮುಖ್ಯ: ಸಾಧನದ ಹೆಸರು, ಹುಡುಕಬೇಕಾದ ಮಾದರಿ, ಹುಡುಕಬೇಕಾದ ಕಡತದ ಹೆಸರು. ‘ಕಾವ್ಯ’ ಎಂಬ ಕಡತದಲ್ಲಿ ‘ಮರ’ ಎಂಬುದನ್ನು ಹುಡುಕಬೇಕಾದರೆ

ಗ್ರೆಪ್ 'ಮರ' ಕಾವ್ಯ

ಎಂದು ಬರೆಯತಕ್ಕುದು. ಸಾಧನದ ಹೆಸರನ್ನು ರೋಮನ್ ಲಿಪಿಯ ಸಣ್ಣಕ್ಷರಗಳಲ್ಲಿಯೇ ಒತ್ತಬೇಕು, ಮಾದರಿಯು ಕನ್ನಡದಲ್ಲಿರಬಹುದು. ಮಾದರಿಯನ್ನು ಉದ್ಧರಣಚಿಹ್ನೆಗಳ ನಡುವೆ ಇಡುವುದು ಒಳ್ಳೆಯದು. ಇಲ್ಲವಾದರೆ ಅದರಲ್ಲಿರುವ ವಿಶೇಷಚಿಹ್ನೆಗಳನ್ನು ಆಜ್ಞೆಯನ್ನೋದುವ ವ್ಯವಸ್ಥೆಯೇ ಬೇರೊಂದು ಅರ್ಥದಲ್ಲಿ ಗ್ರಹಿಸೀತು. ಮಾದರಿಯು ಯಾವ ಯಾವ ಸಾಲಿನಲ್ಲಿ ದೊರೆಯುವುದೋ ಆಯಾ ಸಾಲನ್ನು ಸಾಧನವು ಪೂರ್ಣವಾಗಿ ತೋರಿಸುವುದು.

ಹೆಸರಿನ ಮುಂದೆ ಅಡ್ಡಗೆರೆಯೊಡನೆ ಒಂದು ರೋಮನ್ ಅಕ್ಷರವನ್ನು ಸೇರಿಸಿದರೆ ಕಾರ್ಯವು ಬೇರೆಯಾಗುವುದು. ಎನ್ ಅಕ್ಷರದಿಂದ ಸಾಲಿನ ಸಂಖ್ಯೆಯೂ ಬರುವುದು. ಆರ್ ಅಕ್ಷರದಿಂದ ಒಂದು ಸಂಪುಟದೊಳಗಿನ ಎಲ್ಲ ಕಡತಗಳೂ ಶೋಧಿತವಾಗುವುವು. ವಿ ಅಕ್ಷರದಿಂದ ಮಾದರಿಯು ಇಲ್ಲದ ಸಾಲುಗಳು ಮಾತ್ರ ಬರುವುವು. ಓ ಅಕ್ಷರದಿಂದ ಸಾಲಿಗೆ ಬದಲಾಗಿ ಹೊಂದಿದ ಭಾಗವಷ್ಟೇ ಬರುವುದು. ಸಿ ಅಕ್ಷರದಿಂದ ಎಣಿಕೆ ಬರುವುದು. ಆದರೆ ಅದು ಸಾಲುಗಳ ಎಣಿಕೆಯೇ ಹೊರತು ಶಬ್ದಗಳದಲ್ಲ. ಒಂದೇ ಸಾಲಿನಲ್ಲಿ ಶಬ್ದವು ಮೂರು ಸಲ ಬಂದಿದ್ದರೂ ಅದನ್ನು ಒಂದೆಂದೇ ಲೆಕ್ಕಿಸುವುದು. ಶಬ್ದಗಳನ್ನೇ ಎಣಿಸಬೇಕಾದವರು ಓ ಅಕ್ಷರದಿಂದ ಒಂದೊಂದನ್ನೂ ಬೇರೆ ಸಾಲಾಗಿ ಪಡೆದು, ಆ ಸಾಲುಗಳನ್ನು ಎಣಿಸತಕ್ಕುದು.

ಮಾದರಿಯಲ್ಲಿ ಕೆಲವು ಚಿಹ್ನೆಗಳಿಗೆ ಪಾರಿಭಾಷಿಕವಾದ ಅರ್ಥವುಂಟು. ^ ಎಂಬುದು ಸಾಲಿನ ಆದಿಯನ್ನೂ $ ಎಂಬುದು ಅಂತ್ಯವನ್ನೂ ಸೂಚಿಸುವುವು. ಬಿಂದುವು ಯಾವುದಾದರೊಂದು ಅಕ್ಷರದ ಸ್ಥಾನದಲ್ಲಿ ನಿಲ್ಲುವುದು. * ಎಂಬುದು ತನ್ನ ಹಿಂದಿನದು ಎಷ್ಟು ಸಲವಾದರೂ ಬರಬಹುದು, ಬಾರದೆಯೂ ಇರಬಹುದು ಎಂದು ಹೇಳುವುದು. ಚೌಕಕಂಸದೊಳಗೆ ಬರೆದ ಅಕ್ಷರಗಳಲ್ಲಿ ಯಾವುದಾದರೂ ಒಂದು ಬಂದರೆ ಸಾಕು. ದೊಡ್ಡಕ್ಷರದ ಇ ಸೇರಿಸಿದಾಗ ಇನ್ನೂ ಕೆಲವು ಚಿಹ್ನೆಗಳಿಗೆ ಶಕ್ತಿ ಬರುವುದು: ನಿಂತ ಗೆರೆಯು ವಿಕಲ್ಪವನ್ನೂ, ದುಂಡುಕಂಸವು ಕೂಟವನ್ನೂ, ಪ್ರಶ್ನಚಿಹ್ನೆಯು ‘ಇದ್ದರೂ ಸರಿ, ಇಲ್ಲದಿದ್ದರೂ ಸರಿ’ ಎಂಬುದನ್ನೂ ಹೇಳುವುವು.

ಚೌಕಕಂಸದ ವಿಧಾನವು ವ್ಯಾಕರಣವನ್ನೋದಿದವರಿಗೆ ಹೊಸದಾಗಿ ತೋರದು. ವರ್ಣಗಳನ್ನು ಒಂದು ಕ್ರಮದಲ್ಲಿ ನಿಲ್ಲಿಸಿ, ಆದ್ಯಂತಗಳನ್ನು ಮಾತ್ರ ಹೇಳಿ ನಡುವಣ ಗಣವನ್ನೆಲ್ಲ ಹಿಡಿಯುವ ಪಾಣಿನಿಯ ಪ್ರತ್ಯಾಹಾರದಂತೆ, ಇಲ್ಲಿಯೂ [ಕ-ಹ] ಎಂದು ಬರೆದರೆ ಆ ಎರಡರ ನಡುವಣ ವ್ಯಂಜನಗಳೆಲ್ಲವೂ ಗ್ರಾಹ್ಯವಾಗುವುವು. ಭೇದವಿಷ್ಟೆ: ಪ್ರತ್ಯಾಹಾರಕ್ಕೆ ಆಧಾರವು ಹದಿನಾಲ್ಕು ಸೂತ್ರಗಳ ಪಾಠಕ್ರಮ, ಇಲ್ಲಿ ಆಧಾರವು ಅಕ್ಷರಗಳಿಗೆ ಯಂತ್ರದಲ್ಲಿ ಕೊಟ್ಟಿರುವ ಸಂಖ್ಯಾಕ್ರಮ. ಈ ಕ್ರಮವನ್ನರಿಯದವನಿಗೆ ಮುಂದೆ ಹೇಳುವ ದೋಷಗಳು ತಪ್ಪವು.

3. ಮಾದರಿಯ ದೋಷಗಳು

ಮಾದರಿಯೆಂಬುದು ಲಕ್ಷಣವಿದ್ದಂತೆ, ಹುಡುಕುವ ಶಬ್ದವು ಲಕ್ಷ್ಯ. ಲಕ್ಷಣಕ್ಕೆ ಶಾಸ್ತ್ರಕಾರರು ಹೇಳುವ ಮೂರು ದೋಷಗಳೂ ಇಲ್ಲಿ ಹಾಗೆಯೇ ಅನ್ವಯಿಸುವುವು. ಲಕ್ಷ್ಯವಲ್ಲದುದನ್ನೂ ಹಿಡಿದರೆ ಅತಿವ್ಯಾಪ್ತಿ. ಲಕ್ಷ್ಯದ ಒಂದು ಭಾಗವನ್ನು ಬಿಟ್ಟರೆ ಅವ್ಯಾಪ್ತಿ. ಯಾವ ಲಕ್ಷ್ಯವನ್ನೂ ಹಿಡಿಯದಿದ್ದರೆ ಅಸಂಭವ.

‘ಮರ’ ಎಂದು ಹುಡುಕಿದವನಿಗೆ ಮರದೊಡನೆ ಅಮರ, ಚಾಮರ, ಭ್ರಮರ, ಮರಣ, ಸ್ಮರಣೆ, ಮರ್ಯಾದೆ ಇವೆಲ್ಲವೂ ದೊರೆಯುವುವು. ಇದು ಅತಿವ್ಯಾಪ್ತಿ. ಇದರಿಂದ ಶ್ರಮವು ಹೆಚ್ಚುವುದೇ ಹೊರತು ಅನರ್ಥವಿಲ್ಲ. ಬೇಡದುದು ಕಣ್ಣಿಗೆ ಬೀಳುವುದರಿಂದ ಅದನ್ನು ತೆಗೆದುಹಾಕಬಹುದು. ಅವ್ಯಾಪ್ತಿಯು ಹಾಗಲ್ಲ. ಬಿಟ್ಟುಹೋದುದು ಕಣ್ಣಿಗೆ ಬೀಳದು. ಬಿಟ್ಟುಹೋಯಿತೆಂಬ ಶಂಕೆಯೂ ಹುಟ್ಟದು. ಆದಕಾರಣ ಶೋಧಕನು ಅತಿವ್ಯಾಪ್ತಿಯಿಂದ ಆರಂಭಿಸಿ ಮೆಲ್ಲಮೆಲ್ಲನೆ ಸಂಕೋಚಗೊಳಿಸಬೇಕೇ ಹೊರತು, ಅವ್ಯಾಪ್ತಿಯಿಂದ ಆರಂಭಿಸಬಾರದು.

ಕನ್ನಡದಲ್ಲಿ ಅವ್ಯಾಪ್ತಿಗೆ ಮೊದಲ ಕಾರಣ ಸಂಧಿ. ‘ಊರು’ ಎಂದು ಹುಡುಕಿದರೆ ಊರಿಗೆ, ಊರಲ್ಲಿ ಎಂಬಿವು ದೊರೆಯವು; ‘ಊರ’ ಎಂದು ಹುಡುಕಿದರೆ ಇವು ದೊರೆಯುವುವು, ‘ನಮ್ಮೂರು’ ಮಾತ್ರ ದೊರೆಯದು. ‘ಕಾಲ’ ಎಂಬುದನ್ನು ಹುಡುಕುವವನು ಆದೇಶಸಂಧಿಯನ್ನು ಮರೆತರೆ ‘ಮಳೆಗಾಲ’ ತಪ್ಪಿಹೋಗುವುದು. ‘ಪನಿ’ ಎಂಬ ಶಬ್ದವು ‘ಕಂಬನಿ’ಯಲ್ಲಿ ಬಕಾರಾದಿಯಾಗಿಯೂ ಹೊಸಗನ್ನಡದಲ್ಲಿ ಹಕಾರಾದಿಯಾಗಿಯೂ ನಿಲ್ಲುವುದರಿಂದ, ಅದನ್ನು ಹುಡುಕಬೇಕಾದರೆ

(ಪನಿ|ಬನಿ|ಹನಿ)

ಎಂದು ಮೂರನ್ನೂ ವಿಕಲ್ಪವಾಗಿ ಕೊಡಬೇಕು. ವ್ಯಾಕರಣಜ್ಞಾನವಿಲ್ಲದವನ ಕೈಯಲ್ಲಿ ಈ ಸಾಧನವು ಕುಂಠಿತವಾಗುವುದೆಂಬುದು ಇದರಿಂದ ಸ್ಪಷ್ಟ.

ಎರಡನೆಯ ಕಾರಣ ಬರಹದ ಭೇದ. ಶಾಸನಗಳಲ್ಲಿಯೂ ಹಳೆಯ ಓಲೆಗಳಲ್ಲಿಯೂ ರೇಫದ ಮುಂದಣ ವ್ಯಂಜನಕ್ಕೆ ದ್ವಿತ್ವವು ಹೇರಳವಾಗಿರುವುದಷ್ಟೆ. ‘ಅರ್ಥ’ ಎಂದು ಹುಡುಕಿದರೆ ‘ಅರ್ತ್ಥ’ ದೊರೆಯದು, ಅರ್(ತ್)?ಥ ಎಂದು ಬರೆದರೆ ಎರಡೂ ದೊರೆಯುವುವು. ‘ಸಂಬಂಧ’ ಎಂದು ಅನುಸ್ವಾರದಿಂದ ಬರೆದುದೂ ‘ಸಮ್ಬನ್ಧ’ ಎಂದು ವರ್ಗೀಯಾನುನಾಸಿಕದಿಂದ ಬರೆದುದೂ ಓದುವವನಿಗೆ ಒಂದೇ ಶಬ್ದ, ಯಂತ್ರಕ್ಕೆ ಎರಡು. ಹಳಗನ್ನಡದ ಮೞೆಯನ್ನು ಕೆಲವು ಮುದ್ರಣಗಳು ಮಳೆಯೆಂದೇ ಅಚ್ಚುಮಾಡಿರುವುದರಿಂದ ಮ[ಳೞ] ಎಂದು ಎರಡನ್ನೂ ಒಳಗೊಳ್ಳುವುದು ಯುಕ್ತ.

ಮೂರನೆಯ ಕಾರಣ ಪದ್ಯದ ಸಾಲು. ಈ ಸಾಧನವು ಒಂದು ಸಲಕ್ಕೆ ಒಂದು ಸಾಲನ್ನು ಮಾತ್ರ ನೋಡುವುದು. ಕನ್ನಡ ಕವಿಗಳು ಒಂದು ಪಾದದ ಕಡೆಯಲ್ಲಿ ಶಬ್ದವನ್ನು ಆರಂಭಿಸಿ ಮುಂದಿನ ಪಾದದಲ್ಲಿ ಮುಗಿಸುವುದು ಸಾಮಾನ್ಯ. ಹಾಗೆ ಒಡೆದ ಶಬ್ದವು ಎಷ್ಟು ಹುಡುಕಿದರೂ ದೊರೆಯದು. ಪದ್ಯವೊಂದರ ಪಾದಗಳನ್ನು ಕೂಡಿಸಿ ಒಂದೇ ಸಾಲಾಗಿ ಮಾಡಿದ ಮತ್ತೊಂದು ಪ್ರತಿಯನ್ನು ಇಟ್ಟುಕೊಂಡು ಅದರಲ್ಲಿಯೂ ಹುಡುಕುವುದೇ ಇದಕ್ಕೆ ಪರಿಹಾರ.

4. ಯಂತ್ರದ ಅಕ್ಷರವೂ ಶಾಸ್ತ್ರದ ಅಕ್ಷರವೂ

ಮೇಲೆ ಹೇಳಿದ ಭೇದಗಳು ಕಣ್ಣಿಗೆ ಕಾಣುವಂಥವು. ಕಣ್ಣಿಗೆ ಕಾಣದ ಭೇದಗಳು ಇನ್ನೂ ಅಪಾಯಕರ. ಇವನ್ನರಿಯಬೇಕಾದರೆ ಯಂತ್ರವು ಕನ್ನಡವನ್ನು ಹೇಗೆ ಬರೆದಿಟ್ಟುಕೊಳ್ಳುವುದೆಂಬುದನ್ನು ತಿಳಿಯಬೇಕು.

1991ರಲ್ಲಿ ಪ್ರಕಟವಾದ ಯುನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು ಮೀಸಲಾಗಿರುವುವು. ಈ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಯು.ಟಿ.ಎಫ್-8 ಎಂಬ ಕ್ರಮವನ್ನು 1992ರಲ್ಲಿ ರೂಪಿಸಿದವರು ರಾಬ್ ಪೈಕ್ ಮತ್ತು ಗ್ರೆಪ್ಪಿನ ಕರ್ತೃವಾದ ಕೆನ್ ಥಾಂಪ್ಸನ್ನರೇ. ಶಾಸ್ತ್ರದಲ್ಲಿ ಕ್ ಎಂಬುದು ಮೂಲವರ್ಣ. ಅಕಾರವು ಸೇರಿ ಕ ಆಗುವುದು. ಯಂತ್ರದಲ್ಲಿ ಇದು ವಿಪರೀತ: ಕ ಎಂಬುದೇ ಮೂಲ, ಅದರ ಮುಂದೆ ಹಲಂತಚಿಹ್ನೆಯನ್ನು ಬರೆದು ಅಕಾರವನ್ನು ಕಳೆದರೆ ಕ್ ಆಗುವುದು. ಇತರ ಸ್ವರಗಳ ಚಿಹ್ನೆಗಳೂ ವ್ಯಂಜನದ ಮುಂದೆ ಬೇರೆ ಬೇರೆ ಸಂಕೇತಗಳಾಗಿ ನಿಲ್ಲುವುವು. ಆದುದರಿಂದ ‘ಕನ್ನಡ’ ಎಂಬ ಶಬ್ದವು ಓದುವವನಿಗೆ ಮೂರು ಅಕ್ಷರ. ಯಂತ್ರಕ್ಕೆ ಕಕಾರ, ನಕಾರ, ಹಲಂತಚಿಹ್ನೆ, ನಕಾರ, ಡಕಾರ ಎಂದು ಐದು ಸಂಕೇತ. ಕಡತದಲ್ಲಿ ಸಂಕೇತವೊಂದಕ್ಕೆ ಮೂರರಂತೆ ಹದಿನೈದು ಬೈಟು. ಮೂರಕ್ಷರದ ಶಬ್ದವೆಂದು ಮೂರು ಬಿಂದುಗಳನ್ನಿಟ್ಟು ^...$ ಎಂದು ಹುಡುಕಿದರೆ, ಸಾಲಿನಲ್ಲಿ ಒಂಟಿಯಾಗಿ ನಿಂತ ‘ಕನ್ನಡ’ವು ದೊರೆಯದು, ಐದು ಬಿಂದುಗಳನ್ನಿಟ್ಟರೆ ದೊರೆಯುವುದು.

ಇದರಿಂದ ಹುಟ್ಟುವ ಫಲಗಳು ಹಲವು. ‘ಊರ’ ಎಂಬ ಮಾದರಿಯು ‘ಊರಿಗೆ’ ಎಂಬುದನ್ನು ಹಿಡಿದುದಕ್ಕೆ ಕಾರಣ, ಇಕಾರದ ಚಿಹ್ನೆಯು ರಕಾರದ ಅನಂತರ ಬರುವುದೇ. ‘ನಮ್ಮೂರು’ ತಪ್ಪಿದುದಕ್ಕೆ ಕಾರಣ, ಸ್ವತಂತ್ರವಾದ ಊ ಎಂಬುದರ ಸಂಖ್ಯೆ 3210, ವ್ಯಂಜನಕ್ಕೆ ಸೇರುವ ಊಕಾರಚಿಹ್ನೆಯ ಸಂಖ್ಯೆ 3266. ಇವೆರಡೂ ಒಂದೇ ಸ್ವರವೆಂಬುದನ್ನು ಯಂತ್ರವರಿಯದು. ‘ಮನೆ*’ ಎಂದು ಬರೆದರೆ ತಾರೆಯು ‘ನೆ’ ಎಂಬ ಅಕ್ಷರಕ್ಕೆ ಅನ್ವಯಿಸದೆ ಎಕಾರಚಿಹ್ನೆಗೆ ಮಾತ್ರ ಅನ್ವಯಿಸುವುದು; ಅದರಿಂದ ಮನಸ್ಸು, ಮನುಷ್ಯ ಎಂಬಿವೂ ದೊರೆಯುವುವು. [ಕ-ಹ] ಎಂಬ ಗಣವು 3221ರಿಂದ 3257ರವರೆಗಿನ ಸಂಕೇತಗಳನ್ನು ಹಿಡಿಯುವುದು. ಅದರಲ್ಲಿ 3249ರ ಱಕಾರವು ಸೇರುವುದು; ೞಕಾರವು 3294ರಲ್ಲಿ ದೂರವಾಗಿ ನಿಂತಿರುವುದರಿಂದ ಹೊರಗುಳಿಯುವುದು. ಹಳಗನ್ನಡದ ಪೊೞಲ್, ಬಾೞ್, ಏೞ್ ಮೊದಲಾದ ಶಬ್ದಗಳೆಲ್ಲ ಹೀಗೆ ಸದ್ದಿಲ್ಲದೆ ತಪ್ಪಿಹೋಗುವುವು. ಈ ೞಕಾರಕ್ಕೆ ಯುನಿಕೋಡಿನಲ್ಲಿ ಮೊದಲು ‘ಫ’ ಎಂಬ ತಪ್ಪು ಹೆಸರನ್ನಿಟ್ಟಿದ್ದರು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮವಿರುವುದರಿಂದ ಆ ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಲಾಗಿದೆ.

ರೂಪವೊಂದೇ ಆಗಿದ್ದರೂ ಸಂಕೇತವು ಬೇರೆಯಾಗುವ ಸ್ಥಳಗಳು ಇನ್ನೂ ಉಂಟು. ‘ಕೊ’ ಎಂಬಲ್ಲಿಯ ಒಕಾರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎಕಾರ ಊಕಾರಗಳ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ‘ಕೋ’ ಎಂಬಲ್ಲಿ ಮೂರಾಗಿಯೂ ಬರೆಯಬಹುದು. ಅನುಸ್ವಾರದ ಸಂಖ್ಯೆ 3202. ಕನ್ನಡದ ಸೊನ್ನೆಯ ಸಂಖ್ಯೆ 3302. ಎರಡರ ಆಕಾರವೂ ಒಂದೇ ಆದುದರಿಂದ, ಬೆರಳಚ್ಚುಮಾಡುವವರು ‘ಕಂಬ’ ಎಂಬುದನ್ನು ‘ಕ೦ಬ’ ಎಂದು ಸೊನ್ನೆಯಿಂದ ಬರೆದುಬಿಡುವುದುಂಟು. ‘ಸಾಫ್ಟ್‌ವೇರ್’ ಎಂಬಂಥ ಶಬ್ದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ನಡುವೆ ಅದೃಶ್ಯವಾದ ಒಂದು ಸಂಕೇತವನ್ನಿಡುವರು. ಮಾದರಿಯಲ್ಲಿ ಅದಿಲ್ಲದಿದ್ದರೆ ಶಬ್ದವು ಹೊಂದದು. ಯುನಿಕೋಡಿಗೆ ಮುಂಚಿನ ಅಕ್ಷರಶೈಲಿಗಳಲ್ಲಿ ಬರೆದಿಟ್ಟ ಕಡತಗಳಲ್ಲಿ ಕನ್ನಡದ ಆಕಾರದ ತುಂಡುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುವುದರಿಂದ ಅಲ್ಲಿ ಒಂದು ಶಬ್ದವೂ ದೊರೆಯದು. ಪುಟಗಳ ಛಾಯಾಚಿತ್ರಗಳೇ ತುಂಬಿರುವ ಕಡತದಲ್ಲಂತೂ ಅಕ್ಷರವೇ ಇಲ್ಲ. ಅಲ್ಲಿ ಹುಡುಕುವುದು ಅಸಂಭವದೋಷಕ್ಕೆ ನೇರವಾದ ಉದಾಹರಣೆ.

5. ಮೌನದ ಪ್ರಾಮಾಣ್ಯ

ಭಾಟ್ಟಮೀಮಾಂಸಕರೂ ಅದ್ವೈತವೇದಾಂತಿಗಳೂ ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಒಪ್ಪಿರುವರು. ಪ್ರಾಭಾಕರರು ಅದನ್ನೊಪ್ಪರು. ನೈಯಾಯಿಕರು ಅಭಾವವು ಪ್ರತ್ಯಕ್ಷದಿಂದಲೇ ಗೃಹೀತವಾಗುವುದೆಂದೂ ಅನುಪಲಬ್ಧಿಯು ಅದಕ್ಕೆ ಸಹಕಾರಿ ಮಾತ್ರವೆಂದೂ ಹೇಳುವರು. ಈ ವಿವಾದವು ಹೇಗಾದರೂ ಇರಲಿ. ಅನುಪಲಬ್ಧಿಗೆ ಯೋಗ್ಯತೆಯು ಬೇಕೆಂಬುದು ವೇದಾಂತಪರಿಭಾಷೆಯೇ ಮೊದಲಾದ ಗ್ರಂಥಗಳನ್ನೋದಿದವರಿಗೆಲ್ಲ ತಿಳಿದುದೇ. ಬೆಳಕಿರುವ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲವೆಂದು ನಿಶ್ಚಯಿಸಬಹುದು, ಇದ್ದಿದ್ದರೆ ಕಾಣಲೇಬೇಕಾಗಿತ್ತು. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ನಿಶ್ಚಯಿಸಲಾಗದು. ‘ಇದ್ದಿದ್ದರೆ ಕಾಣುತ್ತಿತ್ತು’ ಎಂಬ ತರ್ಕವು ನಿಲ್ಲುವಲ್ಲಿ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಸಾಧಕ.

ಗ್ರೆಪ್ಪಿನ ರಚನೆಯಲ್ಲಿಯೇ ಈ ವಿವೇಕದ ಒಂದು ಅಂಶವು ಅಡಗಿರುವುದು. ಕೆಲಸವು ಮುಗಿದ ಮೇಲೆ ಅದು ವ್ಯವಸ್ಥೆಗೆ ಒಂದು ಅಂಕೆಯನ್ನು ಒಪ್ಪಿಸುವುದು: ಮಾದರಿಯು ದೊರೆತಿದ್ದರೆ 0, ದೊರೆಯದಿದ್ದರೆ 1, ಕಡತವೇ ತೆರೆಯದಿರುವುದು ಮೊದಲಾದ ದೋಷವುಂಟಾಗಿದ್ದರೆ 2. ನೋಡಿಯೂ ಕಾಣದಿರುವುದಕ್ಕೂ ನೋಡಲಾಗದಿರುವುದಕ್ಕೂ ಭೇದವನ್ನು ಸಾಧನವೇ ಮಾಡಿರುವುದು. ಆದರೆ ಅದರ ವಿವೇಕವು ಅಲ್ಲಿಗೆ ಮುಗಿಯಿತು. ಮಾದರಿಯು ಯೋಗ್ಯವಾಗಿತ್ತೆ, ಕಡತವು ಶುದ್ಧವಾಗಿತ್ತೆ ಎಂಬುದನ್ನು ಅದು ಅರಿಯದು. ಸೊನ್ನೆಯಿಂದ ಬರೆದ ‘ಕ೦ಬ’ವನ್ನು ಅನುಸ್ವಾರದಿಂದ ಹುಡುಕಿದಾಗಲೂ, ನಿಜವಾಗಿ ಕಂಬವಿಲ್ಲದ ಕಡತದಲ್ಲಿ ಹುಡುಕಿದಾಗಲೂ ಬರುವ ಅಂಕೆ ಒಂದೇ. ಮಿಕ್ಕ ಯೋಗ್ಯತೆಯನ್ನು ಸಂಪಾದಿಸಿಕೊಡಬೇಕಾದವನು ಶೋಧಕನೇ.

ಅದಕ್ಕೆ ಅನುಸರಿಸತಕ್ಕ ಕ್ರಮವಿದು. ಮೊದಲು, ಕಡತವನ್ನೂ ಮಾದರಿಯನ್ನೂ ಯುನಿಕೋಡಿನ ಒಂದೇ ನಿಯತರೂಪಕ್ಕೆ ತರುವುದು. ವ್ಯಂಜನಗಳ ನಡುವೆ ಸಿಕ್ಕಿಕೊಂಡ ಸೊನ್ನೆಗಳನ್ನು ಗ್ರೆಪ್ಪಿನಿಂದಲೇ ಹುಡುಕಿ ತಿದ್ದುವುದು. ಎರಡನೆಯದಾಗಿ, ಆ ಕಡತದಲ್ಲಿ ಉಂಟೆಂದು ಮುದ್ರಿತ ಪುಸ್ತಕದಿಂದ ನಿಶ್ಚಿತವಾಗಿ ತಿಳಿದಿರುವ, ಹುಡುಕುವ ಶಬ್ದದಂಥದೇ ಆದ ಕೆಲವು ಶಬ್ದಗಳನ್ನು ಹುಡುಕಿನೋಡುವುದು. ಅವು ದೊರೆಯದಿದ್ದರೆ ಕೋಣೆಯು ಕತ್ತಲೆಯಲ್ಲಿದೆಯೆಂದು ತಿಳಿಯತಕ್ಕುದು. ಮೂರನೆಯದಾಗಿ, ಸಂಧಿಯಿಂದಲೂ ದ್ವಿತ್ವದಿಂದಲೂ ಪಕಾರ ಹಕಾರಗಳ ವಿನಿಮಯದಿಂದಲೂ ಬರಬಹುದಾದ ರೂಪಗಳೆಲ್ಲವನ್ನೂ ಒಂದು ಕಡತದಲ್ಲಿ ಸಾಲಾಗಿ ಬರೆದಿಡುವುದು. ಸಣ್ಣಕ್ಷರದ ಎಫ್ ಸೇರಿಸಿದರೆ ಗ್ರೆಪ್ ಆ ರೂಪಗಳನ್ನೆಲ್ಲ ಒಟ್ಟಿಗೆ ಹುಡುಕುವುದು. ನಾಲ್ಕನೆಯದಾಗಿ, ಪಾದಗಳನ್ನು ಕೂಡಿಸಿದ ಪ್ರತಿಯಲ್ಲಿಯೂ ಹುಡುಕುವುದು.

ಇಷ್ಟಾದ ಮೇಲೆಯೂ ಸಿದ್ಧವಾಗುವುದು ‘ಈ ಕಡತದಲ್ಲಿಲ್ಲ’ ಎಂಬುದು ಮಾತ್ರ. ಕಡತವು ಒಂದು ಮುದ್ರಣದ ಪ್ರತಿ. ಮುದ್ರಣವು ಕೆಲವು ಓಲೆಗಳ ಪ್ರತಿ. ಅಡಿಟಿಪ್ಪಣಿಯಲ್ಲಿರುವ ಪಾಠಾಂತರಗಳನ್ನು ಬೆರಳಚ್ಚುಗಾರನು ಬಿಟ್ಟಿದ್ದರೆ, ಹುಡುಕಿದ ಶಬ್ದವು ಅಲ್ಲಿಯೇ ಇದ್ದಿರಬಹುದು. ‘ಕಡತದಲ್ಲಿಲ್ಲ’ ಎಂಬುದರಿಂದ ‘ಕಾವ್ಯದಲ್ಲಿಲ್ಲ’ ಎಂಬುದಕ್ಕೂ, ಅದರಿಂದ ‘ಕವಿಯ ಕಾಲದಲ್ಲಿ ಈ ಶಬ್ದವೇ ಇರಲಿಲ್ಲ’ ಎಂಬುದಕ್ಕೂ ಹಾರುವವನು ಎರಡು ಹಳ್ಳಗಳನ್ನು ನೋಡದೆ ದಾಟಿದಂತಾಯಿತು. ಇಂಥ ಒಂದು ಹಾರಿಕೆಯಿಂದ ಕವಿಯದೇ ಆದ ಪದ್ಯವು ಪ್ರಕ್ಷಿಪ್ತವೆನಿಸಿ ಗ್ರಂಥದಿಂದ ಹೊರಬೀಳಬಹುದು.

ಆದಕಾರಣ, ಶಬ್ದವೊಂದು ಗ್ರಂಥದಲ್ಲಿಲ್ಲವೆಂದು ಬರೆಯುವವರು ಯಾವ ಮುದ್ರಣದ ಕಡತದಲ್ಲಿ, ಯಾವ ಮಾದರಿಯಿಂದ, ಯಾವ ಯಾವ ರೂಪಗಳನ್ನು ಹುಡುಕಿದರೆಂಬುದನ್ನೂ ಜೊತೆಗೆ ಬರೆಯುವುದು ವಿಹಿತ. ಓದುವವನು ಅದೇ ಆಜ್ಞೆಯನ್ನು ತಾನೂ ನಡೆಸಿ, ಬಿಟ್ಟುಹೋದ ರೂಪವೊಂದನ್ನು ಸೇರಿಸಿ ಪುನಃ ಪರೀಕ್ಷಿಸಬಹುದು. ಚೀಟಿಗಳ ಕಾಲದಲ್ಲಿ ಒಬ್ಬನ ಶ್ರಮವನ್ನು ಇನ್ನೊಬ್ಬನು ಪರೀಕ್ಷಿಸಬೇಕಾದರೆ ಅಷ್ಟೇ ಶ್ರಮವನ್ನು ಮತ್ತೆ ಪಡಬೇಕಾಗಿತ್ತು. ಈಗ ಒಂದು ಸಾಲು ಸಾಕು. ಗ್ರೆಪ್ಪಿನಿಂದ ಶಾಸ್ತ್ರಕ್ಕೆ ದೊರೆತ ನಿಜವಾದ ಲಾಭವು ವೇಗಕ್ಕಿಂತ ಹೆಚ್ಚಾಗಿ ಈ ಪುನಃಪರೀಕ್ಷೆಯ ಸೌಕರ್ಯವೆಂದು ತಿಳಿಯತಕ್ಕುದು.